ಮಾರಾದಲ್ಲಿ ಹಿಂಬದಿ ದರ್ಶನ

ಕೀನ್ಯಾ ಸಫಾರಿಗೆ ಹೊರಟವರಿಗೆ ಎಲ್ಲರೂ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಅಂತ 'ಬಿಗ್ ಫೈವ್' ಪಟ್ಟಿ ಒಪ್ಪಿಸುತ್ತಾರೆ. ದಾರಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನೈರೋಬಿಯಿಂದ ರಿಫ್ಟ್ ಕಣಿವೆಗೆ ಇಳಿದು ನಾರೋಕ್ ದಾಟುವ ತನಕ ಎಲ್ಲ ಸುಖವೇ. ಮಸಾಯಿ ಮಾರಾ ಅಭಯಾರಣ್ಯದ ಒಳಗೆ ಹೋದ ಮೇಲೆ ಗಾಡಿ ಒಂದು ಕಡೆ, ನಮ್ಮ ಸೊಂಟ ಒಂದು ಕಡೆ. ಚಿಕ್ಕಪ್ಪ ಪ್ರತಿ ಗುಂಡಿಗೂ "ಅಯ್ಯಪ್ಪಾ" ಅನ್ನುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. "ಆಫ್ರಿಕನ್ ಮಸಾಜ್, ಫ್ರೀ" ಎಂದ. ಅಲ್ಲಿನ ಡ್ರೈವರ್‌ಗಳೆಲ್ಲ ಇದೇ ಜೋಕ್ ಹೇಳುತ್ತಾರೆ. ಮೊದಲ ಸಲ ನಗು ಬರುತ್ತದೆ.

ಆಫ್ರಿಕಾ ಅಂದರೆ ಸುಡುಬಿಸಿಲು ಅಂತ ಚಿಕ್ಕಪ್ಪ ಅರ್ಧ ತೋಳಿನ ಹತ್ತಿ ಶರ್ಟುಗಳನ್ನೇ ತುಂಬಿಕೊಂಡು ಬಂದಿದ್ದರು. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿದೆ. ಸೂರ್ಯ ಹುಟ್ಟುವ ಮುಂಚೆ ಅಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಸಫಾರಿ ಶುರುವಾಗುವುದೂ ಆಗಲೇ. ಐದೂವರೆಗೆ ಟೆಂಟಿನ ಹೊರಗೆ "ಗುಡ್ ಮಾರ್ನಿಂಗ್" ಅಂತ ಚಹಾ ಬರುತ್ತದೆ. ಕುಡಿದು ಮುಗಿಸುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿರುತ್ತದೆ. ತಲೆಗೆ ಚಿಕ್ಕಮ್ಮ ತಂದಿದ್ದ ಮಂಕಿ ಕ್ಯಾಪು, ಮೈಗೆ ಕ್ಯಾಂಪಿನವರು ಕೊಟ್ಟ, ಅಲ್ಲಿನ ಮಸಾಯಿ ಬುಡಕಟ್ಟಿನವರು ಹೊದೆಯುವ ಕೆಂಪು ಚೌಕುಳಿ ಶುಕಾ. ಈ ವೇಷದಲ್ಲಿ ಚಿಕ್ಕಪ್ಪ ಎದ್ದು ನಿಂತಾಗ ಪಕ್ಕದ ಗಾಡಿಯ ವಿದೇಶಿಯರು ಅವರ ಫೋಟೋ ತೆಗೆದುಕೊಂಡರು. ಒಂಬತ್ತು ಗಂಟೆಗೆ ಎಲ್ಲ ಬಿಚ್ಚಿ ಎಸೆಯುವಷ್ಟು ಸೆಖೆ. ಆಮೇಲೆ ಧೂಳು. ಚಿಕ್ಕಪ್ಪನ ಡೈ ಹೊಡೆದ ಕಪ್ಪು ಕೂದಲು ಸಂಜೆಗೆ ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು.

ಇನ್ನು ಸಿಂಹ. ಟಿವಿಯಲ್ಲಿ ಅದು ಯಾವಾಗಲೂ ಓಡುತ್ತಿರುತ್ತದೆ. ನಿಜವಾದ ಸಿಂಹ ದಿನಕ್ಕೆ 16ರಿಂದ 20 ಗಂಟೆ ಬಿದ್ದುಕೊಂಡಿರುತ್ತದೆ. ನಾವು ನೋಡಿದ ಸಿಂಹದ ಕುಟುಂಬ, ಮದುವೆ ಊಟ ಮುಗಿಸಿ ಛತ್ರದ ಜಮಖಾನದ ಮೇಲೆ ಉರುಳಿಕೊಂಡ ನೆಂಟರ ಹಾಗಿತ್ತು. ಹೊಟ್ಟೆ ಮೇಲೆ, ಕಾಲು ಆಕಾಶಕ್ಕೆ. ಮುಖ ಮಾತ್ರ ಆ ಕಡೆ. ನಮ್ಮ ಭಾವ ಬಾಡಿಗೆಗೆ ತಂದ ದೊಡ್ಡ ಲೆನ್ಸ್ ಹಿಡಿದು ಮುಕ್ಕಾಲು ಗಂಟೆ ಕಾದರು. ಒಂದು ಸಿಂಹಿಣಿ ಎದ್ದಿತು. "ಎದ್ದಿತು, ಎದ್ದಿತು" ಅಂತ ಎಲ್ಲರೂ ಪಿಸುಗುಟ್ಟಿದೆವು. ಅದು ಮೈಮುರಿದು, ಒಂದು ಸುತ್ತು ತಿರುಗಿ, ಮತ್ತೆ ನಮಗೆ ಬೆನ್ನು ಹಾಕಿ ಮಲಗಿತು.

ಮಾರಾದ ಪ್ರಾಣಿಗಳು ಮನುಷ್ಯರಿಗೆ ತೋರಿಸುವುದೇ ಆ ಭಾಗ. ಇಂಪಾಲಾ ಜಿಂಕೆಯ ಹಿಂಬದಿಯಲ್ಲಿ ಕಪ್ಪು ಗೆರೆಗಳಿವೆ, ಬಾಲವೂ ಸೇರಿ ಇಂಗ್ಲಿಷಿನ 'ಎಂ' ಅಕ್ಷರ ಬರೆದ ಹಾಗೆ ಕಾಣುತ್ತದೆ. "ಇದು ಕಾಡಿನ ಮೆಕ್‌ಡೊನಾಲ್ಡ್ಸ್. ಎಲ್ಲ ಕಡೆ ಸಿಗುತ್ತದೆ, ಎಲ್ಲರೂ ತಿನ್ನುತ್ತಾರೆ" ಅಂತ ಡ್ರೈವರ್ ಹೇಳಿದ. ಕಾಡುಹಂದಿ ಜಾತಿಯ ವಾರ್ಟ್‌ಹಾಗ್ ನಮ್ಮನ್ನು ಕಂಡ ಕೂಡಲೇ ಬಾಲವನ್ನು ಆಂಟೆನಾ ಥರ ನೆಟ್ಟಗೆ ಎತ್ತಿಕೊಂಡು, ಮರಿಗಳನ್ನೂ ಸಾಲಾಗಿ ಹಿಂದೆ ಹಾಕಿಕೊಂಡು ಓಟ ಕೀಳುತ್ತದೆ. ಚಿರತೆಗೆ ಸ್ವಾಹಿಲಿಯಲ್ಲಿ 'ಚೂಯಿ' ಅಂತಾರೆ. ಡ್ರೈವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೋದಲ್ಲಿ ಆ ಶಬ್ದ ಕೇಳಿದರೆ ಸಾಕು, ಗುಂಡಿ ಲೆಕ್ಕಕ್ಕೇ ಇಲ್ಲ. ಹಾಗೆ ಹಾರಿಕೊಂಡು ಹೋಗಿ ನೋಡಿದರೆ ಗಾಡಿಗಳ ಜಾತ್ರೆ. ನಡುವೆ ಒಂದು ಮರ, ಮರದಲ್ಲಿ ತೂಗಾಡುವ ಒಂದು ಬಾಲ. ಅಷ್ಟೇ. ಭಾವ ಅದನ್ನೇ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದರು. "ಹಗ್ಗ ಯಾಕೆ ಕಟ್ಟಿದ್ದಾರೆ?" ಅಂತ ಊರಿನಿಂದ ಅತ್ತೆ ಕೇಳಿದರು.

ಮುಂಭಾಗವೂ ಸೇರಿ ಪೂರ್ತಿ ದರ್ಶನ ಕೊಟ್ಟದ್ದು ಒಂದೇ ಜೋಡಿ. ಆದರೆ ಅದು ಬೇಡದ ಹೊತ್ತಿನಲ್ಲಿ. ಗಂಡು ಹೆಣ್ಣು ಸಿಂಹ ಜೊತೆಯಾಗಿದ್ದಾಗ ದಿನಗಟ್ಟಲೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸಂಸಾರ ನಡೆಸುತ್ತವೆ. ಡ್ರೈವರ್ ಬಹಳ ಖುಷಿಯಿಂದ ಇಂಜಿನ್ ಆಫ್ ಮಾಡಿ "ವೆರಿ ಲಕ್ಕಿ" ಎಂದ. ಗಾಡಿಯಲ್ಲಿ ಮೂರು ತಲೆಮಾರು. ಚಿಕ್ಕಪ್ಪ ದೂರದ ಪೊದೆಯಲ್ಲಿ ಹಕ್ಕಿ ಹುಡುಕತೊಡಗಿದರು. ಚಿಕ್ಕಮ್ಮ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು. ನನ್ನ ಮಗ ಮಾತ್ರ "ಅವು ಜಗಳ ಆಡ್ತಿದಾವಾ?" ಅಂದ. "ಹೌದು ಕಣೋ" ಅಂತ ಐದು ಜನ ಒಟ್ಟಿಗೆ ಹೇಳಿದೆವು. ಲೆನ್ಸ್ ಇಟ್ಟುಕೊಂಡೂ ಭಾವ ಒಂದು ಫೋಟೋ ತೆಗೆಯಲಿಲ್ಲ. ತೆಗೆದಿದ್ದರೂ ಅತ್ತೆಗೆ ಕಳಿಸುವ ಹಾಗಿರಲಿಲ್ಲ ಅನ್ನಿ.

ಊಟದ ವಿಷಯಕ್ಕೆ ಬಂದರೆ, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕವರ್ ನಿಷೇಧ. ಕವರ್ ಒಳಗೊಂದು ಕವರ್ ಇಡದೆ ನಮ್ಮವರಿಗೆ ಪ್ಯಾಕಿಂಗ್ ಬರುತ್ತದಾ? ಚಿಕ್ಕಮ್ಮ ಹಲುಬಿಕೊಂಡೇ ಕೋಡುಬಳೆಯನ್ನು ಸ್ಟೀಲ್ ಡಬ್ಬಿಗೆ ಹಾಕಿದ್ದರು. ಮರದಡಿ ಬುತ್ತಿ ಬಿಚ್ಚಿದ್ದೇ ತಡ, ವರ್ವೆಟ್ ಕೋತಿಗಳು ಬಂದವು. ಕ್ಯಾಂಪಿನ ಡಬ್ಬದಲ್ಲಿದ್ದ ಬಾಳೆಹಣ್ಣು, ಕೇಕು, ಭಾವನ ಸ್ಯಾಂಡ್‌ವಿಚ್ ಒಂದೇ ಸಲಕ್ಕೆ ಮಾಯ. ಒಂದು ಕೋತಿ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿತು, ಕಚ್ಚಿತು, ಅಲ್ಲಾಡಿಸಿತು, ಬೇಸರದಿಂದ ಎಸೆದು ಹೋಯಿತು. ಅವತ್ತು ಎಲ್ಲರ ಊಟ ಕೋಡುಬಳೆ. ಡ್ರೈವರ್ ನಾಲ್ಕು ತಿಂದ. ಚಿಕ್ಕಮ್ಮ ಅಲ್ಲಿಂದ ಕೀನ್ಯಾ ಸರ್ಕಾರವನ್ನು ಬೈಯುವುದು ನಿಲ್ಲಿಸಿದರು.

ರಾತ್ರಿ ಒಬ್ಬೊಬ್ಬರೇ ಟೆಂಟಿಗೆ ಹೋಗುವ ಹಾಗಿಲ್ಲ. ಕಾವಲುಗಾರ ಟಾರ್ಚ್ ಹಿಡಿದು ಬಿಟ್ಟು ಬರುತ್ತಾನೆ, ಯಾಕೆಂದರೆ ನೀರಾನೆಗಳು ಹುಲ್ಲು ಮೇಯಲು ನದಿಯಿಂದ ಮೇಲೆ ಬರುವ ಹೊತ್ತು ಅದು. ಇದನ್ನು ಕೇಳಿಸಿಕೊಂಡು ಚಿಕ್ಕಮ್ಮ ದೇವರ ಹೆಸರು ಹೇಳುತ್ತಾ ಹಾಸಿಗೆಗೆ ಕಾಲು ಚಾಚಿದ್ದಾರೆ. ರಗ್ಗಿನ ಒಳಗೆ ಏನೋ ಮೆತ್ತಗೆ, ಬೆಚ್ಚಗೆ ತಗುಲಿದೆ. ಆ ಕಿರುಚಾಟಕ್ಕೆ ಹೊರಗೆ ಗುರ್ ಅನ್ನುತ್ತಿದ್ದ ನೀರಾನೆಯೂ ಸುಮ್ಮನಾಯಿತು. ಇಬ್ಬರು ಕಾವಲುಗಾರರು ಓಡಿ ಬಂದು, ಕೋಲಿನಿಂದ ರಗ್ಗು ಎತ್ತಿ ನೋಡಿದರೆ, ಚಳಿಗೆ ಅಂತ ಕ್ಯಾಂಪಿನವರೇ ಇಟ್ಟಿದ್ದ ಬಿಸಿನೀರಿನ ರಬ್ಬರ್ ಚೀಲ! ಮೊದಲೇ ಒಂದು ಮಾತು ಹೇಳಬಾರದಾ?

ನಾವು ಹೋಗಿದ್ದು ಆಗಸ್ಟ್‌ನಲ್ಲಿ. ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಬರುವ ವೈಲ್ಡ್‌ಬೀಸ್ಟ್‌ಗಳು, ಅಂದರೆ ದನದ ಹಾಗೆ ಕಾಣುವ ದೊಡ್ಡ ಜಿಂಕೆ ಜಾತಿಯವು, ಮಾರಾ ನದಿ ದಾಟುವ ಕಾಲ. ಈ ವಲಸೆಯಲ್ಲಿ ಅವು 10 ಲಕ್ಷಕ್ಕೂ ಜಾಸ್ತಿ. ಬೆಳಗ್ಗೆಯಿಂದ ದಡದಿಂದ ಸ್ವಲ್ಪ ದೂರ ಗಾಡಿ ನಿಲ್ಲಿಸಿ ಕಾದೆವು. ನೀರಲ್ಲಿ ಮೊಸಳೆಗಳೂ ಕಾದವು. ಅವು ನಮಗಿಂತ ಶಾಂತವಾಗಿದ್ದವು. ಸಾವಿರಾರು ವೈಲ್ಡ್‌ಬೀಸ್ಟ್ ಅಂಚಿಗೆ ಬರುವುದು, ಮುಂದಿನದು ನೀರು ಮೂಸುವುದು, ಯಾವುದೋ ಜೀಬ್ರಾ ಬೆದರುವುದು, ಅಷ್ಟೂ ಹಿಂದಕ್ಕೆ ತಿರುಗುವುದು. ಮತ್ತೆ ಬರುವುದು, ಮತ್ತೆ ತಿರುಗುವುದು. ಇಷ್ಟರಲ್ಲಿ ಚಿಕ್ಕಪ್ಪ ಮಿಸುಕಾಡತೊಡಗಿದರು. ಬೇರೆ ಕಡೆಯಾದರೆ 'ಟಯರ್ ಚೆಕ್ ಮಾಡಬೇಕು' ಅಂದರೆ ಡ್ರೈವರ್‌ಗೆ ಅರ್ಥವಾಗುತ್ತದೆ. ಸುತ್ತ ನೋಡಿ, ಗಾಡಿಯ ಹಿಂದೆ ಇಳಿಸುತ್ತಾನೆ. ನದಿ ಹತ್ತಿರ ಕಾಲು ಕೆಳಗಿಡುವಂತಿಲ್ಲ. ಚಿಕ್ಕಪ್ಪ ಇನ್ನರ್ಧ ಗಂಟೆ ತಡೆದರು, ಬೆವರಿದರು, ಕೊನೆಗೆ ಕೈಮುಗಿದರು. ಗಾಡಿ ಹೊರಟಿತು.

ಅವರು ಹಗುರಾಗಿ ಬಂದು ಸೀಟಿನಲ್ಲಿ ಕೂರುವುದಕ್ಕೂ ರೇಡಿಯೋ ಅರಚುವುದಕ್ಕೂ ಸರಿಹೋಯಿತು. ಡ್ರೈವರ್ ಮುಖ ನೋಡಿದರೇ ಗೊತ್ತಾಯಿತು. ಇದ್ದಬದ್ದ ಗುಂಡಿಗಳನ್ನೆಲ್ಲ ಹಾರಿಸಿಕೊಂಡು ದಡಕ್ಕೆ ಬಂದೆವು. ಧೂಳು ಇಳಿಯುತ್ತಿತ್ತು. ಕೊನೆಯ ನಾಲ್ಕೈದು ವೈಲ್ಡ್‌ಬೀಸ್ಟ್ ಆಚೆ ದಡ ಹತ್ತುತ್ತಿದ್ದವು. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಚಿಕ್ಕಪ್ಪನನ್ನೇ ನೋಡಿದರು. ಅವರು ಚಿಕ್ಕಮ್ಮನ ಕಡೆ ತಿರುಗಿದರು.

"ಬೆಳಗ್ಗೆಯಿಂದ ನೀರು ಕುಡೀರಿ, ನೀರು ಕುಡೀರಿ ಅಂತ ಬಾಟಲಿ ಹಿಡಿದಿದ್ದು ಯಾರು?"