ಸಾ ಸಿಗದ ಪಿಟೀಲು

ಪಾಶ್ಚಾತ್ಯ ಸಂಗೀತದಲ್ಲಿ ವಿವಾಲ್ಡಿ ಆಗಬಹುದು, ಬೀಥೋವನ್ ಆಗಬಹುದು, 1900 ದಾಟಿದ ಮೇಲಿನದ್ದು ಮಾತ್ರ ಬರೀ ಗದ್ದಲ. ಹೀಗೆ ಹೇಳುವ ಸಂಗೀತಪ್ರಿಯರು ನನ್ನ ಸ್ನೇಹಿತರಲ್ಲೇ ಬೇಕಾದಷ್ಟಿದ್ದಾರೆ. ಅವರಿಗೆಲ್ಲ ನಾನು ಕೇಳಿಸುವುದು ಆಸ್ಟ್ರಿಯಾದ ರಚನಕಾರ ಆಲ್ಬನ್ ಬರ್ಗ್‌ನ ಪಿಟೀಲು ಕನ್ಸರ್ಟೋ, ಅಂದ್ರೆ ಒಂದು ಪಿಟೀಲು ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ. 1935ರದ್ದು, ಸುಮಾರು 25 ನಿಮಿಷ.

ಮೊದಲು ಹಾರ್ಪ್, ಕ್ಲಾರಿನೆಟ್ ಮೆಲ್ಲಗೆ ನುಡಿಯುತ್ತವೆ. ಆಮೇಲೆ ಪಿಟೀಲು. ನಾಲ್ಕು ಖಾಲಿ ತಂತಿ, ಕೆಳಗಿಂದ ಮೇಲೆ, ಮತ್ತೆ ಕೆಳಗೆ. ಕಛೇರಿಗೆ ಮುಂಚೆ ಸುಮ್ನೆ ಶ್ರುತಿ ನೋಡಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತದೆ. ನಮ್ಮವರು ಸಾ ಪಾ ಸಾ ಪಾ ಇಟ್ಟುಕೊಳ್ಳುತ್ತಾರೆ. ಅಲ್ಲಿ ಒಂದೊಂದು ತಂತಿಯೂ ಹಿಂದಿನದರ ಪಂಚಮ.

ಬರ್ಗ್ ಹಿಡಿದದ್ದು ಗುರು ಷೋನ್‌ಬರ್ಗ್‌ನ ಪದ್ಧತಿ. ಹನ್ನೆರಡೂ ಸ್ವರವನ್ನು ಒಂದು ಸಾಲಾಗಿ ಜೋಡಿಸಿಕೊಂಡು ಅದರಿಂದಲೇ ಕೃತಿ ಕಟ್ಟುವುದು. ಎಲ್ಲಕ್ಕೂ ಸಮಪಾಲು, ಯಾವುದೂ ಷಡ್ಜವಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಕಷ್ಟವಾಗುವುದು ಇಲ್ಲೇ. ಆದರೆ ಬರ್ಗ್ ಜಾಣ. ಆ ಸಾಲನ್ನು ಪಿಟೀಲಿನ ನಾಲ್ಕು ತಂತಿಗಳ ಸುತ್ತಲೇ ಕಟ್ಟಿದ್ದಾನೆ. ಸಾಲಿನ ಕೊನೆಯ ನಾಲ್ಕು ಸ್ವರದಿಂದ 18ನೇ ಶತಮಾನದ ರಚನಕಾರ ಬಾಖ್ ಬಳಸಿದ ಒಂದು ಚರ್ಚ್ ಹಾಡು ಶುರುವಾಗುತ್ತದೆ. ಸಾಕಪ್ಪಾ, ಇನ್ನು ಬಿಡಿಸು ಅಂತ ದೇವರನ್ನು ಬೇಡುವ ಹಾಡು.

ಅದಕ್ಕೆ ಕಾರಣವಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಮನೋನ್ ಗ್ರೋಪಿಯಸ್ ಅನ್ನುವ 18ರ ಹುಡುಗಿ ಪೋಲಿಯೋದಿಂದ ನರಳಿ ತೀರಿಕೊಂಡಳು. ಬರ್ಗ್‌ಗೆ ಅವಳ ಮೇಲೆ ತುಂಬಾ ಅಕ್ಕರೆ. ಪಿಟೀಲುವಾದಕ ಲೂಯಿ ಕ್ರಾಸ್ನರ್ ಕನ್ಸರ್ಟೋ ಬರೆದುಕೊಡಿ ಅಂತ ಮೊದಲೇ ಕೇಳಿದ್ದ. ಬರ್ಗ್ ಕೈಲಿದ್ದ ಒಪೆರಾ, ಅಂದ್ರೆ ಹಾಡುನಾಟಕ, ಬದಿಗಿಟ್ಟು ಆಗಸ್ಟ್ ಹೊತ್ತಿಗೆ ಅವಳ ನೆನಪಿಗೆ ಇದನ್ನು ಮುಗಿಸಿದ. ಡಿಸೆಂಬರ್ 24ಕ್ಕೆ ತಾನೂ ಹೋಗಿಬಿಟ್ಟ. 1936ರಲ್ಲಿ ಬಾರ್ಸಿಲೋನಾದಲ್ಲಿ ಕ್ರಾಸ್ನರ್ ನುಡಿಸಿದಾಗ ಕೇಳಲು ಅವನಿರಲಿಲ್ಲ.

ಎರಡನೇ ಭಾಗದಲ್ಲಿ ಆರ್ಕೆಸ್ಟ್ರಾ ಅಪ್ಪಳಿಸುತ್ತದೆ. ಕರ್ಕಶವೇ, ಇಲ್ಲ ಅನ್ನಲ್ಲ. ಅದು ಇಳಿದ ಮೇಲೆ ಪಿಟೀಲು ಆ ಚರ್ಚ್ ಹಾಡನ್ನು ಎತ್ತಿಕೊಳ್ಳುತ್ತದೆ, ಕ್ಲಾರಿನೆಟ್‌ಗಳು ಆರ್ಗನ್ ಥರ ಉತ್ತರ ಕೊಡುತ್ತವೆ. ಮುಂಚೆ ಆ ಆರ್ಭಟ ಇರದಿದ್ದರೆ ಈ ಹಾಡು ಬರೀ ಚಂದದ ಹಾಡಾಗಿರುತ್ತಿತ್ತು, ಅಷ್ಟೇ. ಕಿವಿಗೆ ಹಿತವಾದದ್ದೇ ಸಂಗೀತ ಅನ್ನುವವರ ಜೊತೆ ನನ್ನ ಜಗಳ ಇರುವುದು ಇಲ್ಲೇ. ನೋವಿನ ಸಂಗೀತ ನೋಯಿಸಬಾರದು ಅಂದ್ರೆ ಹೇಗೆ?

ಇದು ಹಿಡಿಸಿದರೆ ಮುಂದೆ ಹಂಗೇರಿ ಮೂಲದ ರಚನಕಾರ ಲಿಗೆಟಿಯ ಪಿಟೀಲು ಕನ್ಸರ್ಟೋ ಕೇಳಿ, 1992ರಲ್ಲಿ ಪೂರ್ತಿಯಾದದ್ದು. ಅವನಂತೂ ಆರ್ಕೆಸ್ಟ್ರಾದ ಒಂದು ಪಿಟೀಲು, ಒಂದು ವಿಯೋಲಾದ (ಪಿಟೀಲಿಗಿಂತ ತುಸು ದೊಡ್ಡದು) ಶ್ರುತಿಯನ್ನು ಬೇಕಂತಲೇ ಬೇರೆ ಮಾಡಿಸಿದ್ದಾನೆ. ನಡುವೆ ಗಾಳಿವಾದ್ಯದವರು ಒಕರಿನಾ ಅನ್ನುವ ಪುಟ್ಟ ಊದುವಾದ್ಯ ಬೇರೆ ಊದುತ್ತಾರೆ! ಶ್ರುತಿಶುದ್ಧಿಯವರಿಗೆ ಅದು ಆಮೇಲೆ.

ಮೊದಲು ಬರ್ಗ್. ಫೋನಿನ ಸ್ಪೀಕರಲ್ಲಿ ಬೇಡ, ಶುರುವಿನ ಹಾರ್ಪೇ ಕೇಳಿಸಲ್ಲ. ಬೈಯುವುದಿದ್ದರೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ, ಆದರೆ ಪೂರ್ತಿ ಕೇಳಿದ ಮೇಲೆ.