ಫಲಿತಾಂಶ ಮೊದಲು, ಮತದಾನ ಆಮೇಲೆ

ಮ್ಯಾನ್ಮಾರ್ ಸೇನೆಯ ಜನರಲ್‌ಗಳಿಗಿರುವ ತಾಳ್ಮೆ ಇನ್ಯಾರಿಗೂ ಇಲ್ಲ. ಹೊಸ ಸಂವಿಧಾನ ಬರೆಯಲು 1993ರಲ್ಲಿ ಸಭೆ ಸೇರಿಸಿದರು. ಸಭೆ ಎದ್ದದ್ದು 2007ರಲ್ಲಿ. ಆಮೇಲೆ ಮಾತ್ರ ಯಾಕೋ ಭಾರಿ ಅವಸರ ಶುರುವಾಯಿತು.

ಈ ಸಂವಿಧಾನ ಒಪ್ಪಿಗೆಯಾ ಅಂತ ಜನರನ್ನೇ ಓಟಿನ ಮೂಲಕ ಕೇಳುವ ಜನಮತಗಣನೆಗೆ 2008ರ ಮೇ 10 ಅಂತ ಗೊತ್ತುಮಾಡಿದರು. ಮೇ 2ರಂದು ನರ್ಗಿಸ್ ಚಂಡಮಾರುತ ಬಂತು. ಇರಾವತಿ ನದಿ ಸಮುದ್ರ ಸೇರುವ ಕಡೆ ಊರಿಗೆ ಊರೇ ಕೊಚ್ಚಿಹೋಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 1,38,000 ಜನ. ಹೊರಗಿನಿಂದ ಬರುವ ಪರಿಹಾರ ಕೆಲಸಗಾರರಿಗೆ ವೀಸಾ ಕೊಡಲು ಮೀನಮೇಷ ಎಣಿಸಿದ ಸರ್ಕಾರ, ಮತದಾನವನ್ನು ಮಾತ್ರ ಹೇಳಿದ ದಿನಕ್ಕೇ ನಡೆಸಿತು. ಹಾಗಂತ ಕರುಣೆಯೇ ಇರಲಿಲ್ಲ ಅನ್ನಬೇಡಿ. ಜಾಸ್ತಿ ಪೆಟ್ಟು ತಿಂದ ಕಡೆಯವರಿಗೆ ಎರಡು ವಾರ ರಿಯಾಯಿತಿ ಕೊಟ್ಟರು. ಹೆಣ ಹುಡುಕಿ, ಮನೆ ಇದ್ದ ಜಾಗ ಗುರುತು ಹಿಡಿದು, ಮೇ 24ಕ್ಕೆ ಬಂದು ಓಟು ಹಾಕಿದರಾಯಿತು.

ಆದರೆ ಮೇ 15ಕ್ಕೇ ಫಲಿತಾಂಶ ಬಂದುಬಿಟ್ಟಿತು! ಶೇ. 92.4 ಜನ 'ಹೌದು' ಅಂದಿದ್ದಾರೆ, ಸಂವಿಧಾನ ಪಾಸು. ದೇಶದ ಅತಿ ದೊಡ್ಡ ನಗರ ಯಾಂಗೂನ್‌ನಲ್ಲಿ ಹೆಚ್ಚಿನವರು ಇನ್ನೂ ಓಟೇ ಹಾಕಿರಲಿಲ್ಲ. ತಾಳಿ ಕಟ್ಟಿ, ಊಟ ಬಡಿಸಿ, ಆಮೇಲೆ ಹುಡುಗಿಗೆ ಒಪ್ಪಿಗೆಯಾ ಅಂತ ಕೇಳಿದ ಹಾಗಾಯಿತು. ಹುಡುಗಿ ಒಪ್ಪಿದಳು ಕೂಡ. ಮನೆಮಠ ಕಳೆದುಕೊಂಡವರ ಓಟೂ ಸೇರಿದ ಮೇಲೆ ಲೆಕ್ಕ ಶೇ. 92.48ಕ್ಕೆ ಏರಿತು. ಮತದಾನವೋ, ಶೇ. 98.12. ಇಂಥ ಅಂಕಿ ನೋಡಿದರೆ ಯಾವ ಚುನಾವಣಾ ಆಯೋಗಕ್ಕಾದರೂ ಹೊಟ್ಟೆಕಿಚ್ಚು ಬರಬೇಕು.

ಅಷ್ಟು ಖುಷಿಯಿಂದ ಒಪ್ಪಿಕೊಂಡದ್ದು ಏನನ್ನು? ಸಂಸತ್ತಿನ ಕಾಲು ಭಾಗ ಸೀಟು ಸೇನೆಗೆ. ಅದಕ್ಕೆ ಚುನಾವಣೆಯ ತಾಪತ್ರಯವಿಲ್ಲ, ಸೇನಾಪತಿ ಹೆಸರು ಕೊಟ್ಟರೆ ಸಾಕು. ಸಂವಿಧಾನದ ಮುಖ್ಯ ಭಾಗಗಳನ್ನು ತಿದ್ದಲು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಓಟು ಬೇಕು. ಲೆಕ್ಕ ನೀವೇ ಹಾಕಿಕೊಳ್ಳಿ. ಗಂಡನೋ ಹೆಂಡತಿಯೋ ಮಕ್ಕಳೋ ವಿದೇಶಿ ಪ್ರಜೆಗಳಾದರೆ ಅಧ್ಯಕ್ಷರಾಗುವಂತಿಲ್ಲ ಅಂತ ಇನ್ನೊಂದು ಕಲಂ. ಸೇನೆಗೆ ಎದುರು ನಿಂತಿದ್ದ ನಾಯಕಿ ಆಂಗ್ ಸಾನ್ ಸೂಕಿ ಅವರ ಮಕ್ಕಳು ಬ್ರಿಟಿಷ್ ಪ್ರಜೆಗಳಾಗಿದ್ದದ್ದು ಸುಮ್ನೆ ಕಾಕತಾಳೀಯ ಇರಬೇಕು, ಅಲ್ವಾ?

ಇಷ್ಟು ಕಷ್ಟಪಟ್ಟು ತಂದದ್ದನ್ನು ಸೇನೆ ಮರೆಯಲಿಲ್ಲ. 2021ರ ಫೆಬ್ರವರಿ 1ರಂದು ದಂಗೆ ಎದ್ದಾಗಲೂ ಎಲ್ಲ ಕಾನೂನುಬದ್ಧವಾಗಿಯೇ ಇರಬೇಕಿತ್ತು. ತುರ್ತು ಪರಿಸ್ಥಿತಿ ಹೇರುವ ಅಧಿಕಾರ ಅಧ್ಯಕ್ಷರದ್ದು. ಹಾಗಾಗಿ ಮೊದಲು ಅಧ್ಯಕ್ಷರನ್ನು ಬಂಧಿಸಿದರು. ಆಮೇಲೆ ಸೇನೆಯೇ ಸೂಚಿಸಿದ್ದ ಉಪಾಧ್ಯಕ್ಷರು, ಅವರೂ ಮಾಜಿ ಜನರಲ್ಲೇ, ಹಂಗಾಮಿ ಅಧ್ಯಕ್ಷರಾಗಿ ಸಹಿ ಹಾಕಿದರು. ಕಲಂ ನಂಬರ್ ಸಮೇತ.