ಒಂದು ಅರ್ಧವಿರಾಮಕ್ಕೆ ಮಾನ ಹರಾಜು

"ಮೇಡಂ, ಕೊನೆಯಲ್ಲಿ ಸೆಮಿಕೋಲನ್ ಹಾಕಿಲ್ಲ."

ಇಷ್ಟೇ ಮಾತು. ಸಂಜೆಯಿಂದ ಕಿವಿಯಲ್ಲಿ ಅದೇ ಗುಂಯ್‌ಗುಡುತ್ತಿದೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಹಾಕುವುದೇನು ಮಹಾ ಕೆಲಸ, ಹತ್ತು ನಿಮಿಷ ಸಾಕು ಎಂದವಳು ನಾನೇ. ಪ್ಯಾಕೇಜ್ ಎರಡೇ ನಿಮಿಷದಲ್ಲಿ ಇಳಿದು ಕೂತಿತು, ಸುಳ್ಳೇಕೆ ಹೇಳಲಿ. ಒಳಗೆ ಹೋಗಲು ನೋಡಿದರೆ "ಪೀರ್ ಅಥೆಂಟಿಕೇಶನ್ ಫೇಲ್ಡ್". ಪಾಸ್‌ವರ್ಡ್ ತಪ್ಪಿರಬೇಕು ಎಂದುಕೊಂಡೆ. ಯಾವ ಪಾಸ್‌ವರ್ಡ್? ಅದು ಕೇಳಿಯೇ ಇಲ್ಲ! ಲಿನಕ್ಸ್‌ನಲ್ಲಿರುವ ಹೆಸರೂ ಡೇಟಾಬೇಸ್‌ಗೆ ಹೇಳುವ ಹೆಸರೂ ಒಂದೇ ಆಗಿರಬೇಕಂತೆ. ಬೇರೆ ಬಳಕೆದಾರನ ಹೆಸರಲ್ಲಿ ಆಜ್ಞೆ ಓಡಿಸುವ 'ಸುಡೋ' ಹಾಕಿ 'ಪೋಸ್ಟ್‌ಗ್ರೆಸ್' ಬಳಕೆದಾರನ ವೇಷ ತೊಟ್ಟು ಹೋದೆ, ಮರುಮಾತಿಲ್ಲದೆ ಬಿಟ್ಟಿತು. ಇದಕ್ಕೆ ಭದ್ರತೆ ಎಂದು ಹೆಸರು.

ಸರ್ವರ್ ಓಡುತ್ತಿದೆಯೇ ಎಂದು ಸ್ಟೇಟಸ್ ಕೇಳಿದರೆ 'ಆ್ಯಕ್ಟಿವ್', ಪಕ್ಕದಲ್ಲೇ 'ಎಕ್ಸಿಟೆಡ್'. ಯಜಮಾನರು ಮನೆಯಲ್ಲಿದ್ದಾರೆ, ಹೊರಗೆ ಹೋಗಿದ್ದಾರೆ! ಆ ಸೇವೆ ಹೆಸರಿಗಷ್ಟೇ ಅಂತೆ, ದುಡಿಯುವ ಸೇವೆ ಬೇರೆಯೇ ಇದೆಯಂತೆ.

ಇರಲಿ. ನನ್ನನ್ನು ಕೊಂದದ್ದು ಇದಲ್ಲ.

ಪಾಸ್‌ವರ್ಡ್ ಕೊಡುವ 'ಆಲ್ಟರ್ ಯೂಸರ್' ಸಾಲು ಬರೆದು ಎಂಟರ್ ಒತ್ತಿದೆ. ಉತ್ತರವಿಲ್ಲ, ದೋಷವೂ ಇಲ್ಲ. ಪರದೆ ಹಂಚಿಕೊಂಡಿದ್ದೇನೆ, ಆರು ಜನ ನೋಡುತ್ತಿದ್ದಾರೆ. ಅದೇ ಸಾಲನ್ನು ಮತ್ತೆ ಬರೆದೆ. ಮೌನ. ಮೂರನೆಯ ಸಲ, ಈ ಬಾರಿ ಕೀಲಿಗಳನ್ನು ಕುಟ್ಟಿ. ಮೌನ. "ನೆಟ್‌ವರ್ಕ್ ಸ್ವಲ್ಪ ನಿಧಾನ" ಎಂದೆ. ಅದೇ ಯಂತ್ರದೊಳಗೆ ಕೂತು ನೆಟ್‌ವರ್ಕ್ ನಿಧಾನ ಎಂದೆ! ಆಗಲೇ ಹೋದ ತಿಂಗಳು ಸೇರಿದ ಹುಡುಗ ಬಾಯಿ ಬಿಟ್ಟದ್ದು. ಎಷ್ಟು ಮೆಲ್ಲಗೆ, ಎಷ್ಟು ಮರ್ಯಾದೆಯಿಂದ! ಗೇಲಿ ಮಾಡಿದ್ದರೆ ತಿರುಗಿ ಬೈದಾದರೂ ಸಮಾಧಾನ ಪಡುತ್ತಿದ್ದೆ.

ಅದು ಬೀಳುವವರೆಗೆ ಇಲ್ಲಿ ವಾಕ್ಯ ಮುಗಿದಂತಲ್ಲ. ಸೆಮಿಕೋಲನ್ ಹಾಕಿದೆ. ಮೂರು ಸಾಲೂ ಸೇರಿ ಒಂದೇ ವಾಕ್ಯವಾಗಿ, ಸಿಂಟ್ಯಾಕ್ಸ್ ಎರರ್.

ಪಾಸ್‌ವರ್ಡ್ ಮಾತ್ರ ಮೂರು ಕಡೆ ನಿಚ್ಚಳವಾಗಿ ಕಾಣುತ್ತಿತ್ತು: ನನ್ನ ಹೆಸರು, ಮುಂದೆ 123. ಬಲವಾದ ಪಾಸ್‌ವರ್ಡ್ ಇಡಿ ಎಂದು ಇದೇ ಆರು ಜನರಿಗೆ ಭಾಷಣ ಬಿಗಿದ ಮಹಾತಾಯಿಯೂ ನಾನೇ. ಟೈಪಿಸಿದ್ದು ಕಾಣದಂತೆ ಪಾಸ್‌ವರ್ಡ್ ಬದಲಿಸಲು ಅದರಲ್ಲೇ ಬೇರೆ ಆಜ್ಞೆಯಿದೆ ಎಂಬುದು ನೆನಪಾದದ್ದು ರಾತ್ರಿ.

ಯಾರಾದರೂ ಉತ್ತರ ಕೊಡಿ: ವಾಕ್ಯ ಮುಗಿದಿಲ್ಲ ಎಂದು ಒಂದು ಮಾತು ಹೇಳಲು ಈ ತಂತ್ರಾಂಶಕ್ಕೆ ಏನು ದಾಡಿ? ಹೇಳಿತ್ತು, ಗೊತ್ತು. ಸಾಲಿನ ಆರಂಭದಲ್ಲಿದ್ದ '=' ಹೋಗಿ '-' ಬಂದಿತ್ತು. ಆರು ಜನರ ಎದುರು ಬೆವರುತ್ತಿರುವವಳಿಗೆ ಅರ್ಧ ಗೆರೆ ಕಾಣುತ್ತದೆಯೇ? ಆ ಹುಡುಗನಿಗೆ ಕಂಡಿತು, ಬಿಡಿ. ತಪ್ಪು ನನ್ನದೇ. ಅಲ್ಲ, ನನ್ನದೊಂದೇ ಅಲ್ಲ!

ಆಮೇಲೆ ಬೇರೆ ಯಂತ್ರದಿಂದ ಪೋಸ್ಟ್‌ಗ್ರೆಸ್‌ನ ಬಾಗಿಲಾದ ಪೋರ್ಟ್ 5432ಕ್ಕೆ ಸಂಪರ್ಕವೂ ಸಿಗಲಿಲ್ಲ. ತಾನಾಗಿ ಲೋಕಲ್‌ಹೋಸ್ಟ್ (ತಾನಿರುವ ಯಂತ್ರ) ಬಿಟ್ಟು ಬೇರೆಯವರಿಗೆ ಅದು ಕಿವಿಗೊಡುವುದಿಲ್ಲ. ಅದನ್ನು ಆ ಹುಡುಗನೇ ಸರಿಮಾಡಿದ. ನಾನು ಮೈಕ್ ಮುಚ್ಚಿಕೊಂಡು ಕೂತಿದ್ದೆ.

ನಾಳೆ ಎರಡನೇ ಸರ್ವರ್. ಅದೇ ಆರು ಜನ.